ಹುಳದ ಮನೆಯಲ್ಲಿ ಜಪಾನಿನ ಕಾಗದ

ಹೋಳೂರಿನ ಮುನಿಲಕ್ಷ್ಮಿ ಆ ಬೇಸಿಗೆಯಲ್ಲಿ ಒಂದು ಬೆಳೆ ರೇಷ್ಮೆಹುಳ ಸಾಕುವುದಿಲ್ಲವಂತೆ ಎಂಬ ಸುದ್ದಿಯನ್ನು ಊರಿನಲ್ಲಿ ಯಾರೂ ಮೊದಲಿಗೆ ನಂಬಲಿಲ್ಲ. ಸೊಸೆ ವಾಣಿಶ್ರೀಗೆ ಹೆರಿಗೆ ನೋವು ಬಂದ ದಿನವೂ ಬೆಳಗಿನ ಸೊಪ್ಪು ಹಾಕಿ ಮುಗಿಸಿಯೇ ಕೋಲಾರದ ಬಸ್ಸು ಹತ್ತಿದವಳು ಅವಳು. ಅಂಥವಳು ಹುಳದ ಮನೆ ಖಾಲಿ ಮಾಡಿ, ತಟ್ಟೆಗಳನ್ನೆಲ್ಲ ಹೊರಗೆ ಒರಗಿಸಿ, ಕಿಟಕಿಗಳಿಗೆ ಕಪ್ಪು ಟಾರ್ಪಾಲು ಹೊಡೆಸಿ, ಯಾರೋ ಪ್ಯಾಂಟು ಹಾಕಿದ ಹುಡುಗಿಗೆ ಹದಿನೈದು ದಿನಕ್ಕೆ ಬಿಟ್ಟುಕೊಟ್ಟಿದ್ದಳು.

"ಯಾರೇ ಅದು, ನಿಮ್ಮ ಕಡೆ ನೆಂಟರ ಪೈಕಿನಾ?" ಎಂದು ಪಕ್ಕದ ಮನೆಯ ಅಂಜಮ್ಮ ಕೇಳಿದಳು.

"ನೆಂಟರಿಗಿಂತ ಹೆಚ್ಚು ಕಣೇ. ನಮ್ಮ ಶಾಮಲಮ್ಮ ಮೇಡಂ ಮೊಮ್ಮಗಳು. ಮೇಘನ ಅಂತ."

ಶಾಮಲಮ್ಮ ಮೇಡಂ ಎಂದರೆ ಅಂಜಮ್ಮನಿಗೂ ಗೊತ್ತು. ಆಕೆ ಮೂವತ್ತೆರಡು ವರ್ಷದ ಹಿಂದೆ ರೇಷ್ಮೆ ಇಲಾಖೆಯಿಂದ ಹೋಳೂರಿಗೆ ಬರುತ್ತಿದ್ದವರು. ಮುನಿಲಕ್ಷ್ಮಿಯ ಮನೆಯಲ್ಲಿ ಆಗ ಸಾಲಾಗಿ ಮೂರು ಬೆಳೆ ಹೋಗಿತ್ತು. ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಇನ್ನೇನು ಗೂಡು ಕಟ್ಟಬೇಕು ಅನ್ನುವ ಹೊತ್ತಿಗೆ ಮೈ ಸಡಿಲವಾಗಿ, ಲೋಳೆಯಾಗಿ, ತಟ್ಟೆಗೆ ಅಂಟಿಕೊಂಡು ಸಾಯುತ್ತಿದ್ದವು. ಹಿಪ್ಪುನೇರಳೆ ಸೊಪ್ಪಿನ ತೋಟ ಕಿತ್ತುಹಾಕೋಣ ಎಂದು ಮಾವ ಗುದ್ದಲಿ ಹಿಡಿದು ನಿಂತಿದ್ದ. ಮದುವೆಯಾಗಿ ಬಂದು ನಾಲ್ಕು ವರ್ಷವಾಗಿದ್ದ ಮುನಿಲಕ್ಷ್ಮಿಯ ಕಾಲ್ಗುಣದ ಮಾತೂ ಅತ್ತೆಯ ಬಾಯಲ್ಲಿ ಬಂದುಹೋಗಿತ್ತು. ಆಗ ಶಾಮಲಮ್ಮ ರೋಗವಿಲ್ಲದ ಮೊಟ್ಟೆಯ ಹಾಳೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದರು. "ಸೋಂಕು ಕಣ್ಣಿಗೆ ಕಾಣಲ್ಲಮ್ಮ. ಹುಳ ಲೋಳೆ ಆಯ್ತು ಅಂದ್ರೆ ಹುಳಾನ ಬಯ್ಯಬೇಡ, ನಿನ್ನ ಕಾಲ್ಗುಣಾನೂ ಬಯ್ಕೊಬೇಡ. ಮನೆ ತೊಳಿ. ಸಂದು ಸಂದಿಗೂ ಫಾರ್ಮಲಿನ್ ಔಷಧಿ ಹೊಗೆ ಹಾಕು" ಎಂದು ಅವಳ ಜೊತೆ ತಾವೂ ಸೀರೆ ಎತ್ತಿ ಕಟ್ಟಿ ನೆಲ ಉಜ್ಜಿದರು. ಇಪ್ಪತ್ತೆಂಟು ದಿನ ಒಂದು ದಿನವೂ ತಪ್ಪದೆ ಬಂದರು. ಆ ಬೆಳೆ ಗೂಡು ಕಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಮುನಿಲಕ್ಷ್ಮಿಯ ಮನೆಯ ಒಲೆ ಉರಿದದ್ದು, ಮಗ ಉಮೇಶ ಓದಿದ್ದು, ಮೇಲಿನ ಮಾಳಿಗೆ ಎದ್ದದ್ದು ಎಲ್ಲ ಆ ಇಪ್ಪತ್ತೆಂಟು ದಿನದ ಮೇಲೆ.

ಇಷ್ಟಾದರೂ ಮುನಿಲಕ್ಷ್ಮಿಗೆ ಒಂದು ಕೊರತೆ ಉಳಿದಿತ್ತು. ಶಾಮಲಮ್ಮನವರ ಮುಂದೆ ಒಂದು ಸಲವೂ ನೆಟ್ಟಗೆ ನಿಂತು "ನಿಮ್ಮಿಂದ ಬದುಕಿದೆ" ಎನ್ನಲು ಆಗಿರಲಿಲ್ಲ. ಸೀರೆ ತೆಗೆದುಕೊಂಡು ಹೋದಳು. ನಾಟಿ ಕೋಳಿ ಹಿಡಿದುಕೊಂಡು ಹೋದಳು. ಅವರು ವರ್ಗವಾಗಿ ಹೋಗುವ ದಿನ ಬರಿಗೈಯಲ್ಲಿ ಬರಿ ಮಾತಿಗಾಗಿ ಹೋದಳು. ಬಾಯಿ ತೆರೆಯುವಷ್ಟರಲ್ಲಿ ಶಾಮಲಮ್ಮ, "ಚಾಲ್ಲೇವೇ, ಸಾಕು ಹೋಗು, ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು" ಎಂದು ಅಟ್ಟಿಬಿಡುತ್ತಿದ್ದರು. ಈಗ ಅವರಿಗೆ ಎಂಬತ್ತು, ಮಾಲೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ಕಡೆಯಿಂದ ಮೂವತ್ತೆರಡು ವರ್ಷದಲ್ಲಿ ಬಂದ ಮೊದಲ ಕೋರಿಕೆ ಇದು: ಮೊಮ್ಮಗಳಿಗೆ ಕತ್ತಲಿರುವ, ತಂಪಿರುವ, ಧೂಳಿಲ್ಲದ ಒಂದು ಕೋಣೆ ಬೇಕು. ನಿನ್ನ ಹುಳದ ಮನೆ ಕೊಡ್ತೀಯಾ?

ಮುನಿಲಕ್ಷ್ಮಿ ಫೋನು ಇಡುವ ಮೊದಲೇ ಟಾರ್ಪಾಲಿಗೆ ಹೇಳಿ ಕಳಿಸಿದ್ದಳು.

ಮೇಘನ ಬಂದಿಳಿದಾಗ ಅವಳ ಜೊತೆ ಒಂದು ಮರದ ಕ್ಯಾಮೆರಾ ಇತ್ತು. ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ, ಮೂರು ಕಾಲಿನ ಮೇಲೆ ನಿಲ್ಲುವಂಥದ್ದು. ಇನ್ನೊಂದು ಕೈಯಲ್ಲಿ ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿದ ಹನ್ನೆರಡು ಹಾಳೆ ಕಾಗದ.

"ಇದೇನಮ್ಮ, ಇಷ್ಟು ತೆಳ್ಳಗೆ? ಈರುಳ್ಳಿ ಸಿಪ್ಪೆ ಇದ್ದಂಗಿದೆ" ಎಂದು ವಾಣಿಶ್ರೀ ಒಂದು ಹಾಳೆಯನ್ನು ಬೆಳಕಿಗೆ ಹಿಡಿದಳು. ಕಾಗದದೊಳಗೆ ಉದ್ದುದ್ದ ಎಳೆಗಳು ಕೂದಲಿನ ಹಾಗೆ ಹರಿದಾಡಿದ್ದವು.

"ಹರಿಯಲ್ಲ ಅಕ್ಕ, ನೀರಲ್ಲಿ ಅದ್ದಿದ್ರೂ ಹರಿಯಲ್ಲ. ಜಪಾನಲ್ಲಿ ಕೈಯಲ್ಲೇ ಮಾಡೋದು. ಒಂದು ಗಿಡದ ತೊಗಟೆಯಿಂದ. ನಿಮ್ಮ ಹಿಪ್ಪುನೇರಳೆ ಇದೆಯಲ್ಲ, ಅದರ ದಾಯಾದಿ."

ಮುನಿಲಕ್ಷ್ಮಿಗೆ ಆ ಮಾತು ಕೇಳಿ ಕಾಗದದ ಮೇಲೆ ಒಂದು ಮಮತೆ ಹುಟ್ಟಿತು. ತನ್ನ ತೋಟದ ಕಡ್ಡಿಯ ಸಿಪ್ಪೆ ಸುಲಿದರೆ ಎಂಥ ನಾರು ಬರುತ್ತದೆ ಎಂದು ಅವಳಿಗೆ ಗೊತ್ತು. ಹೊರೆ ಕಟ್ಟಲು ಎಷ್ಟೋ ಸಲ ಅದನ್ನೇ ಬಳಸಿದ್ದಳು.

ಮೇಘನ ಮಾಡಹೊರಟಿದ್ದು ಇದು. ಮೊದಲು ಫೋಟೋ ಹಿಡಿಯಲು ಪ್ಲಾಸ್ಟಿಕ್ಕಿನ ಫಿಲ್ಮ್ ಇರುತ್ತಿತ್ತಲ್ಲ, ಆ ಪ್ಲಾಸ್ಟಿಕ್ಕಿನ ಬದಲಿಗೆ ಈ ಕಾಗದ. ಇದರ ಮೇಲೆ ಬೆಳ್ಳಿಯ ಉಪ್ಪು ಬೆರೆತ, ಅಂಟಿನಂಥ ಸರಿಯನ್ನು ಬಿಸಿ ಮಾಡಿ ಬಳಿದು, ಕತ್ತಲಲ್ಲಿ ಒಣಗಿಸಿ, ಕ್ಯಾಮೆರಾದೊಳಗೆ ಇಟ್ಟರೆ ಅದೇ ಫಿಲ್ಮ್ ಆಗುತ್ತದೆ. ಕಾಗದ ತೆಳುವಾದ್ದರಿಂದ ಬೆಳಕು ತೂರಿಹೋಗುತ್ತದೆ, ಅದರಿಂದ ಮತ್ತೆ ಎಷ್ಟು ಬೇಕಾದರೂ ಚಿತ್ರ ಅಚ್ಚು ಹಾಕಬಹುದು. ಕಾಗದದ ನಾರಿನ ಎಳೆಗಳೂ ಚಿತ್ರದಲ್ಲಿ ಮೂಡುತ್ತವೆ. ಎರಡು ವರ್ಷದ ಹಿಂದೆ ಜಪಾನಿಗೆ ಕಲಿಯಲು ಹೋಗಿದ್ದಾಗ, ಈ ಕಾಗದ ಮಾಡುವ ಒಬ್ಬ ಮುದುಕರ ಮನೆಯಲ್ಲಿ ಅವಳು ತಿಂಗಳಿದ್ದಳಂತೆ. ಕೈ ನಡುಗಲು ಶುರುವಾಗಿ ಅವರು ಕೆಲಸ ನಿಲ್ಲಿಸಿದಾಗ, ಕೊನೆಯ ತೊಟ್ಟಿಯ ಹನ್ನೆರಡು ಹಾಳೆಗಳನ್ನು ಇವಳಿಗೆ ಕಳಿಸಿದ್ದರು. ಜೊತೆಗೆ ಒಂದು ಸಾಲಿನ ಪತ್ರ: ನನ್ನ ಹಾಳೆಯ ಮೇಲೆ ಅಕ್ಷರ ನೋಡಿದ್ದೇನೆ, ಬಣ್ಣ ನೋಡಿದ್ದೇನೆ, ಬಿಸಿಲು ಕೂತದ್ದನ್ನು ನೋಡಿಲ್ಲ.

"ಅಂದ್ರೆ ಇದು ಕೆಟ್ರೆ ಮತ್ತೆ ಸಿಗಲ್ಲ" ಎಂದಳು ಮುನಿಲಕ್ಷ್ಮಿ.

"ಸಿಗಲ್ಲ ಅಜ್ಜಿ."

ಮೊದಲ ಮೂರು ಹಾಳೆ ಕೆಟ್ಟವು. ಬಳಿಯುವುದೆಲ್ಲ ಚೆನ್ನಾಗಿಯೇ ಆಯಿತು. ಹುಳದ ಮನೆಯೊಳಗಿನ ಚಿಕ್ಕ ಕೋಣೆ, ಮರಿಹುಳು ಸಾಕುವ ಚಾಕಿ ಕೋಣೆ, ಮೇಘನಳ ಕತ್ತಲೆ ಕೋಣೆಯಾಗಿತ್ತು. ಕೆಂಪು ಬಲ್ಬಿನ ಬೆಳಕಿನಲ್ಲಿ ಮುನಿಲಕ್ಷ್ಮಿ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಒಣಗಿದ ಹಾಳೆಯಲ್ಲಿ ತೋಟದ ಫೋಟೋ ಹಿಡಿದು ತಂದು, ತಟ್ಟೆಯ ಔಷಧಿ ನೀರಿಗೆ ಅದ್ದಿದರೆ, ಗಿಡ ಕಂಡಿತು, ಬದು ಕಂಡಿತು, ಮರುಕ್ಷಣವೇ ಬಳಿದ ಸರಿಯೆಲ್ಲ ಊದಿಕೊಂಡು, ಕಾಯಿಸಿದ ಹಾಲಿನ ಕೆನೆಯ ಹಾಗೆ ಕಾಗದದಿಂದ ಜಾರಿ ತಟ್ಟೆಯ ತಳ ಸೇರಿತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಐಸು ತಂದು ನೀರು ತಣ್ಣಗೆ ಮಾಡಿದರು. ಅರ್ಧ ಉಳಿಯಿತು, ಅರ್ಧ ಲೋಳೆಯಾಗಿ ಬೆರಳಿಗೆ ಹತ್ತಿತು.

ಮೇಘನ ಅಳಲಿಲ್ಲ. ಉಳಿದ ಒಂಬತ್ತು ಹಾಳೆಗೂ ಹೆಚ್ಚು ಗಟ್ಟಿಯಾಗಿ ಬಳಿದು, ದಾರಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟಳು. "ನಾಳೆವರೆಗೂ ಒಣಗಲಿ. ಒಂದೇ ಒಂದು ಚೂರು ಬೆಳಕೂ ಬೀಳಬಾರದು. ಮಾಲೂರಿಗೆ ಹೋಗಿ ಅಜ್ಜೀನ ನೋಡ್ಕೊಂಡು ಬೆಳಿಗ್ಗೆ ಬರ್ತೀನಿ" ಎಂದು ಮಧ್ಯಾಹ್ನದ ಬಸ್ಸಿಗೆ ಹೊರಟಳು.

ಅವಳು ಹೋದ ಮೇಲೆ ಮುನಿಲಕ್ಷ್ಮಿ ಹುಳದ ಮನೆಯ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಳು. ಬೆರಳಿಗೆ ಹತ್ತಿದ ಆ ಲೋಳೆ ಅವಳ ಮನಸ್ಸಿನಿಂದ ಹೋಗಲೊಲ್ಲದು. ಚೆನ್ನಾಗಿದ್ದದ್ದು ಕೊನೆಗಳಿಗೆಯಲ್ಲಿ ಸಡಿಲವಾಗಿ ಜಾರುವುದನ್ನು ಅವಳು ಹಿಂದೆಯೂ ಕಂಡಿದ್ದಳು.

"ವಾಣೀ, ಮೊನ್ನೆ ಮನೆ ಖಾಲಿ ಮಾಡಿದ ಮೇಲೆ ಬರೀ ನೀರಲ್ಲಿ ತಾನೆ ತೊಳೆದಿದ್ದು?"

"ಹೂಂ ಅತ್ತೆ. ಹುಳ ತರಲ್ಲ ಅಂದ್ರಲ್ಲ, ಔಷಧಿ ಯಾಕೆ ಅಂತ."

"ಅಲ್ಲೇ ಆಗಿದ್ದು. ಪಾಪ, ಆ ಹುಡುಗಿ ತನ್ನ ಕೈ ಸರಿ ಇಲ್ಲ ಅಂದ್ಕೊಂಡಿದೆ. ಸೋಂಕು ನಮ್ಮ ಮನೇದು."

"ಅಯ್ಯೋ, ಕಾಗದಕ್ಕೆ ಎಲ್ಲಾದ್ರೂ ಸೋಂಕು ತಗಲುತ್ತಾ? ಫೋನ್ ಮಾಡಿ ಕೇಳಿ ಅತ್ತೆ."

"ಏನಂತ ಕೇಳ್ಲಿ? ನಮ್ಮ ಮನೆ ಗಲೀಜು ಇತ್ತು, ನಿನ್ನ ಮೂರು ಹಾಳೆ ಅದಕ್ಕೇ ಹೋಯ್ತು ಅಂತಲಾ? ನಾಚಿಕೆ ಕಣೇ."

ಮುಖಕ್ಕೆ ಒದ್ದೆ ಟವಲು ಕಟ್ಟಿಕೊಂಡು, ಬೇಸಿನ್ನಿಗೆ ಫಾರ್ಮಲಿನ್ ಸುರಿದು, ಅದರಲ್ಲಿ ಗೋಣಿಚೀಲ ಅದ್ದಿಕೊಂಡು ಅವಳು ಒಳಗೆ ಹೋದಳು. ಹೊರಬಾಗಿಲು ಮುಚ್ಚಿ ಆಮೇಲೆ ಒಳಬಾಗಿಲು ತೆರೆಯಬೇಕೆಂದು ಮೇಘನ ಕಲಿಸಿದ್ದನ್ನು ಮರೆಯಲಿಲ್ಲ. ಕೆಂಪು ದೀಪವನ್ನೂ ಹಾಕಲಿಲ್ಲ. ಕತ್ತಲಲ್ಲಿ ಗೋಡೆ ತಡವಿಕೊಂಡು ಹೋಗಿ, ನೇತಾಡುವ ಹಾಳೆಗಳು ಮೈಗೆ ತಾಗದ ಹಾಗೆ ಬಗ್ಗಿ, ಮೂಲೆಯಲ್ಲಿ ಬೇಸಿನ್ ಇಟ್ಟು, ಬಾಗಿಲ ಸಂದಿಗೆ ಬಟ್ಟೆ ತುರುಕಿ ಬಂದಳು. ಚಾಕಿ ಹುಳ ಬರುವ ಮುನ್ನ ಕೋಣೆಗೆ ಏನು ಮಾಡಬೇಕೋ ಅದನ್ನೇ ಮಾಡಿದ್ದಳು. ಮನಸ್ಸು ನಿರಾಳವಾಯಿತು.

ಬೆಳಿಗ್ಗೆ ಮೇಘನ ಒಳಬಾಗಿಲು ತೆಗೆದವಳೇ ಕೆಮ್ಮಿಕೊಂಡು ಹೊರಗೆ ಓಡಿಬಂದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಏನಿದು ವಾಸನೆ? ಒಳಗೆ ಯಾರು ಏನಿಟ್ರು?"

ವಾಣಿಶ್ರೀ ಅತ್ತೆಯ ಮುಖ ನೋಡಿದಳು. ಆ ಮುಖ ನೋಡಿ ಅವಳಿಗೆ ಏನನ್ನಿಸಿತೋ, "ನಾನೇ ಮೇಘನ, ಗೊತ್ತಾಗ್ಲಿಲ್ಲ..." ಎಂದು ಶುರುಮಾಡಿದಳು.

"ಸುಮ್ನಿರೇ, ನೀನಲ್ಲ" ಎಂದಳು ಮುನಿಲಕ್ಷ್ಮಿ. "ನಾನಮ್ಮ ಇಟ್ಟಿದ್ದು. ಫಾರ್ಮಲಿನ್. ಹಾಳೆ ಲೋಳೆ ಆಗ್ತಿತ್ತಲ್ಲ, ಮನೇಲಿ ಸೋಂಕಿದೆ ಅಂದ್ಕೊಂಡೆ."

ಮೇಘನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೈದಿದ್ದರೆ ಮುನಿಲಕ್ಷ್ಮಿಗೆ ಸುಲಭವಿರುತ್ತಿತ್ತು. ಮೂವತ್ತೆರಡು ವರ್ಷಕ್ಕೆ ಒಂದು ಕೆಲಸ ಹೇಳಿದರು, ಅದೂ ಬರೀ ಕೋಣೆ ಕೊಡುವ ಕೆಲಸ, ಅದನ್ನೂ ಕೆಡಿಸಿದೆನಲ್ಲ, ಇನ್ನು ಮಾಲೂರಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ತನ್ನನ್ನೇ ಬಯ್ದುಕೊಂಡಳು. ಜಪಾನಿನ ಮುದುಕರ ನಡುಗುವ ಕೈಯೂ, ನೋಡದಿದ್ದರೂ, ಕಣ್ಣಿಗೆ ಕಟ್ಟಿತು.

"ಕೆಟ್ಟೋಯ್ತಾ ಮಗಳೇ?"

"ಗೊತ್ತಿಲ್ಲ ಅಜ್ಜಿ. ಬೆಳಕು ಬಿದ್ದಿಲ್ಲ ತಾನೆ?"

"ದೇವರಾಣೆಗೂ ಇಲ್ಲ. ಕುರುಡಿ ಹಾಗೆ ತಡವಿಕೊಂಡು ಹೋಗಿದೀನಿ."

"ಹಾಗಾದ್ರೆ ಒಂದು ನೋಡೇಬಿಡೋಣ."

ಬೇಸಿನ್ ಹೊರಗಿಟ್ಟು, ವಾಸನೆ ಹೋಗುವವರೆಗೂ ಫ್ಯಾನು ಹಾಕಿ, ಮಧ್ಯಾಹ್ನದ ಹೊತ್ತಿಗೆ ದಾರದ ನಡುವಿನ ಒಂದು ಹಾಳೆಯನ್ನು ಕ್ಯಾಮೆರಾಕ್ಕೆ ಹಾಕಿದರು. ಮೊದಲಿನ ಹಾಗೇ ತೋಟ, ಬದು. ಕೆಂಪು ದೀಪದ ಕೆಳಗೆ ಮೇಘನ ಹಾಳೆಯನ್ನು ತಟ್ಟೆಗೆ ಇಳಿಬಿಟ್ಟಳು. ಅತ್ತೆ ಸೊಸೆ ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿದರು. ಗಿಡ ಕಂಡಿತು. ಬದು ಕಂಡಿತು. ಕಡ್ಡಿಗಳು ಒಂದೊಂದಾಗಿ ಕಂಡವು. ಈಗ ಊದುತ್ತದೆ, ಈಗ ಜಾರುತ್ತದೆ ಎಂದು ಮುನಿಲಕ್ಷ್ಮಿ ಸೆರಗಿನ ತುದಿ ಕಚ್ಚಿಕೊಂಡಳು. ಬಳಿದ ಸರಿ ಅಲುಗಲಿಲ್ಲ. ಮೇಘನ ತಟ್ಟೆಯನ್ನು ಓಲಾಡಿಸಿದಳು, ಬೆರಳಿನಿಂದ ಮೂಲೆಯೊಂದನ್ನು ಮೆಲ್ಲಗೆ ಉಜ್ಜಿದಳು, ಆಮೇಲೆ ಸ್ವಲ್ಪ ಜೋರಾಗಿಯೇ ಉಜ್ಜಿದಳು. ಚರ್ಮಕ್ಕೆ ಹಚ್ಚೆ ಕೂತ ಹಾಗೆ ಕೂತಿತ್ತು.

"ಅಜ್ಜೀ!" ಎಂದು ಅವಳು ಕಿರುಚಿದ್ದಕ್ಕೆ ವಾಣಿಶ್ರೀ ಹೆದರಿ ಬಾಗಿಲು ತೆಗೆಯಲು ಹೋದಳು. "ಅಕ್ಕ, ಬಾಗಿಲು ಮುಟ್ಟಿದ್ರೆ ಕೊಲೆ ಮಾಡ್ತೀನಿ!"

ಆಮೇಲೆ ಅಂಗಳದಲ್ಲಿ ಕಾಫಿ ಕುಡಿಯುತ್ತ ಮೇಘನ ವಿವರಿಸಿದಳು. ಕಾಗದಕ್ಕೆ ಬಳಿದ ಆ ಸರಿ ಮೂಳೆ, ಚರ್ಮದ ಅಂಟಿನಿಂದ ಮಾಡಿದ್ದು. ನಮ್ಮ ಕಡೆಯ ಬಿಸಿಲಿಗೆ ಅದು ನೀರಿನಲ್ಲಿ ಮೆತ್ತಗಾಗಿ ಜಾರುತ್ತಿತ್ತು. ಫಾರ್ಮಲಿನ್ನಿನ ಹೊಗೆ ತಾಗಿದರೆ ಅದು ಗಟ್ಟಿಯಾಗುತ್ತದೆ. ಹಿಂದಿನವರು ಬಿಸಿ ದೇಶಗಳಲ್ಲಿ ಹೀಗೇ ಮಾಡುತ್ತಿದ್ದರಂತೆ. ಓದಿದ್ದಳು, ಮರೆತಿದ್ದಳು. "ನಾನು ಮರೆತಿದ್ದನ್ನ ನೀವು ತಿಳೀದೆ ಮಾಡಿದ್ರಿ."

"ತಿಳೀದೆ ಅಲ್ಲಮ್ಮ, ತಪ್ಪು ತಿಳಿದು" ಎಂದಳು ವಾಣಿಶ್ರೀ. "ಇನ್ಮೇಲೆ ಇವರನ್ನ ಹಿಡಿಯೋರೇ ಇಲ್ಲ. ನಾಳೆ ಉಪ್ಪಿಟ್ಟಿಗೂ ಫಾರ್ಮಲಿನ್ ಹೊಗೆ ಹಾಕ್ತಾರೆ."

ಎಲ್ಲ ಹಾಳೆಯೂ ಉಳಿಯಲಿಲ್ಲ. ಬೇಸಿನ್ನಿನ ನೇರ ಮೇಲಿದ್ದ ಎರಡು ಒರಟಾಗಿ, ಬೂದು ಹಿಡಿದು, ಯಾವ ಚಿತ್ರವನ್ನೂ ಮೂಡಿಸಿಕೊಳ್ಳಲಿಲ್ಲ. ಆ ಎರಡನ್ನು ಮುನಿಲಕ್ಷ್ಮಿ ಬಿಸಾಡಲು ಬಿಡದೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಉಳಿದವುಗಳ ಜೊತೆ ಮೇಘನ ವಾರವೆಲ್ಲ ಸುತ್ತಿದಳು. ವಕ್ಕಲೇರಿಯ ಡೇರಿಯ ಮುಂದೆ ಸಾಲು ನಿಂತ ಹಾಲಿನ ಕ್ಯಾನುಗಳು, ಶ್ರೀನಿವಾಸಪುರದ ದಾರಿಯಲ್ಲಿ ಕಾಯಿ ತೂಗಿ ನೆಲ ಮುಟ್ಟಿದ ಒಂದು ಮಾವಿನ ಮರ, ಮುಳಬಾಗಿಲಿನ ಬಂಡೆಗಳ ಮೇಲೆ ಒಣಹಾಕಿದ ಬಟ್ಟೆ, ಹೋಳೂರಿನ ಕೆರೆಯ ತೂಬು, ಮುಖವೆಲ್ಲ ನಗುವಾದ ವಾಣಿಶ್ರೀ. ನಗು ಹನ್ನೆರಡು ಸೆಕೆಂಡು ಅಲುಗದೆ ನಿಲ್ಲಬೇಕಿದ್ದರಿಂದ ಅವಳ ದವಡೆ ನೋವು ಬಂದು, ಚಿತ್ರದಲ್ಲಿ ಸಿಟ್ಟು ಬಂದವಳ ಹಾಗೆ ಕಂಡಳು. ಬೆಳಕಿಗೆ ಹಿಡಿದರೆ ಒಂದೊಂದರೊಳಗೂ ತೊಗಟೆಯ ನಾರು ಮಿಂಚುತ್ತಿತ್ತು. ಮಾವಿನ ಮರದಲ್ಲಂತೂ ಎಳೆಯಾವುದು, ಕೊಂಬೆಯಾವುದು ಎಂದು ಹೇಳಲಾಗುತ್ತಿರಲಿಲ್ಲ. ಮೊದಲು ಹಿಡಿದ ತೋಟದ ಚಿತ್ರವೂ ಸೇರಿ ಈ ಆರನ್ನೂ ಜಪಾನಿಗೆ ಕಳಿಸುವುದೆಂದು ಮೇಘನ ರಟ್ಟಿನ ನಡುವೆ ಇಟ್ಟಳು.

"ಒಂದು ಹಾಳೆ ಉಳಿದಿದೆ ಅಜ್ಜಿ. ಅದು ನಿಮ್ಮದು. ಪಟ್ಟೆ ಸೀರೆ ಉಟ್ಕೊಂಡು ಬನ್ನಿ, ತೋಟದಲ್ಲಿ ಕೂರಿಸ್ತೀನಿ."

ಮುನಿಲಕ್ಷ್ಮಿ ಪಟ್ಟೆ ಸೀರೆ ಉಟ್ಟಳು. ಆದರೆ ತೋಟಕ್ಕೆ ಬರಲಿಲ್ಲ. ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. "ನಡಿ, ಮಾಲೂರಿಗೆ ಹೋಗೋಣ. ಆ ಹಾಳೆ ಮೇಲೆ ನಿಮ್ಮ ಅಜ್ಜೀನ ಕೂರಿಸು."

ಶಾಮಲಮ್ಮ ವರಾಂಡದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೈ ಬತ್ತಿತ್ತು, ಬಾಯಿ ಬತ್ತಿರಲಿಲ್ಲ. ಮೇಘನ ನಡೆದದ್ದೆಲ್ಲ ಒಪ್ಪಿಸಿದ ಮೇಲೆ ಕನ್ನಡಕ ಏರಿಸಿ ಮುನಿಲಕ್ಷ್ಮಿಯನ್ನು ನೋಡಿದರು.

"ಎಷ್ಟು ಪರ್ಸೆಂಟ್ ಹಾಕಿದ್ಯೇ?"

"ಅದು... ಅಂದಾಜಲ್ಲಿ ಸುರಿದೆ ಮೇಡಂ."

"ಅಂದಾಜಾ! ಎರಡು ಪರ್ಸೆಂಟ್ ಅಂತ ಗೋಡೆ ಮೇಲೆ ಸುಣ್ಣದಲ್ಲಿ ಬರೆದುಕೊಟ್ಟು ಬಂದಿದ್ನಲ್ಲೇ. ಮೂವತ್ತೆರಡು ವರ್ಷ ಆದ್ರೂ ಅಂದಾಜು! ಅದಕ್ಕೇ ಎರಡು ಹಾಳೆ ಸುಟ್ಟಿದ್ದು."

"ಹೌದು ಮೇಡಂ. ನಿಮ್ಮ ಪಾಠದಿಂದಾನೇ ಉಳಿದ ಏಳು..."

"ಚಾಲ್ಲೇವೇ. ಕಾಫಿ ಕುಡಿ, ಆರಿಹೋಗುತ್ತೆ."

ಮುನಿಲಕ್ಷ್ಮಿ ಕಾಫಿ ಕುಡಿದಳು. ಈ ಸಲವೂ ಇಷ್ಟೇ ಎಂದುಕೊಂಡಳು. ಅಷ್ಟರಲ್ಲಿ ಮೇಘನ ಕ್ಯಾಮೆರಾ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡಿ, ಹಾಳೆ ಕೂರಿಸಿದಳು.

"ಅಜ್ಜಿ, ಈ ಕಾಗದ ನಿಧಾನ. ವರಾಂಡದಲ್ಲಿ ಇಪ್ಪತ್ತು ಸೆಕೆಂಡು ಬೇಕು. ನಾನು ಮುಚ್ಚಳ ತೆಗೆದಾಗಿನಿಂದ ಹಾಕೋವರೆಗೂ ಅಲುಗಬಾರದು. ಮುಖ್ಯ, ಮಾತಾಡಬಾರದು. ತುಟಿ ಅಲುಗಿದ್ರೂ ಹಾಳೆ ಹೋಯ್ತು. ಬೇರೆ ಇಲ್ಲ."

"ಇಪ್ಪತ್ತು ಸೆಕೆಂಡು ತಾನೇ? ನಿಮ್ಮ ತಾತನ ಜೊತೆ ನಲವತ್ತು ವರ್ಷ ಮಾತಾಡದೆ ಇದ್ದೆ" ಎಂದು ಶಾಮಲಮ್ಮ ಸೆರಗು ಸರಿಮಾಡಿಕೊಂಡು, ಕೈ ಮಡಿಲಲ್ಲಿಟ್ಟು, ಬಾಯಿ ಬಿಗಿದು ಕೂತರು.

ಮೇಘನ ಮುಚ್ಚಳ ತೆಗೆದಳು. ಒಂದು, ಎರಡು ಎಂದು ಎಣಿಸತೊಡಗಿದಳು.

ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದ ಮುನಿಲಕ್ಷ್ಮಿಗೆ ಆಗ ಹೊಳೆಯಿತು. ಎದುರಿಗೆ ಕೂತ ಈ ಹೆಂಗಸು ಈಗ ಏಳುವ ಹಾಗಿಲ್ಲ, ಕೈ ಬೀಸುವ ಹಾಗಿಲ್ಲ, ಸಾಕು ಹೋಗು ಅನ್ನುವ ಹಾಗಿಲ್ಲ.

"ಮೇಡಂ" ಎಂದಳು. ಎಲ್ಲಿಂದ ಶುರುಮಾಡಬೇಕೆಂದು ಹುಡುಕುವುದರಲ್ಲೇ ಮೂರು ಸೆಕೆಂಡು ಹೋಯಿತು. "ಆವತ್ತು ನಮ್ಮ ಮಾವ ಗುದ್ದಲಿ ಹಿಡಿದಿದ್ದ. ತೋಟದ ಜೊತೆ ನನ್ನನ್ನೂ ತವರಿಗೆ ಕಿತ್ತು ಹಾಕೋರಿದ್ರು. ನಿಮಗೆ ಗೊತ್ತಿರ್ಲಿಲ್ಲ, ನಾನು ಯಾರಿಗೂ ಹೇಳಿಲ್ಲ. ನೀವು ಬಂದು ನೆಲ ಉಜ್ಜಿದ್ರಿ. ನಾನು ತಿಂದ ಒಂದೊಂದು ತುತ್ತಲ್ಲೂ ನಿಮ್ಮ ಹೆಸರಿದೆ ಮೇಡಂ. ನೀವು ಹೇಳಕ್ಕೇ ಬಿಡಲಿಲ್ಲ."

ಶಾಮಲಮ್ಮನವರ ಕಣ್ಣು ಇವಳ ಕಡೆ ತಿರುಗಲಿಲ್ಲ. ತುಟಿ ಅಲುಗಲಿಲ್ಲ. ಮಡಿಲಲ್ಲಿದ್ದ ಕೈಯ ಹೆಬ್ಬೆರಳು ಮಾತ್ರ ಇನ್ನೊಂದು ಕೈಯನ್ನು ಗಟ್ಟಿಯಾಗಿ ಒತ್ತಿತು.

"ಹತ್ತೊಂಬತ್ತು. ಇಪ್ಪತ್ತು" ಎಂದು ಮೇಘನ ಮುಚ್ಚಳ ಹಾಕಿದಳು. "ಆಯ್ತು ಅಜ್ಜಿ. ಇನ್ನು ಮಾತಾಡಿ."

ಬೈಗುಳ ಬರುತ್ತದೆ ಎಂದು ಮುನಿಲಕ್ಷ್ಮಿ ತಲೆ ತಗ್ಗಿಸಿದಳು. ಬರಲಿಲ್ಲ. ಬೀದಿಯಲ್ಲಿ ಯಾರೋ ಸೊಪ್ಪು ಮಾರುತ್ತ ಕೂಗಿ ಹೋದರು.

"ಇನ್ನೊಂದು ಹಾಳೆ ಇಲ್ವೇನೇ?" ಎಂದು ಶಾಮಲಮ್ಮ ಮೊಮ್ಮಗಳನ್ನು ಕೇಳಿದರು.

"ಇಲ್ಲ ಅಜ್ಜಿ, ಅದೇ ಕೊನೇದು."

ಶಾಮಲಮ್ಮ ಕುರ್ಚಿಯಲ್ಲಿ ಮತ್ತೆ ನೆಟ್ಟಗಾಗಿ, ಕೈಯನ್ನು ಮಡಿಲಲ್ಲಿ ಮೊದಲಿನಂತೆಯೇ ಇಟ್ಟುಕೊಂಡರು.

"ಇಲ್ದಿದ್ರೆ ಹೋಗ್ಲಿ. ನಾನು ಅಲುಗದೆ ಕೂತಿರ್ತೀನಿ" ಎಂದರು. "ನೀನು ಹೇಳೇ ಮುನಿಲಕ್ಷ್ಮಿ."